ಹಾಡು ಯಾರ ಸ್ವತ್ತು? ಗೋವೆಯ ಒಂದು ಮೊಕದ್ದಮೆಯ ಬೆಳಕಿನಲ್ಲಿ ಕೃತಿಸ್ವಾಮ್ಯದ ವಿಚಾರ

ಸ್ವತ್ತು ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಹೊಲ, ಮನೆ, ತೋಟ, ಒಡವೆ. ಇವಕ್ಕೆ ಎಲ್ಲೆಕಟ್ಟು ಉಂಟು, ಪತ್ರ ಉಂಟು. ಒಬ್ಬನ ಕೈಯಲ್ಲಿರುವುದು ಅದೇ ಕಾಲಕ್ಕೆ ಇನ್ನೊಬ್ಬನ ಕೈಯಲ್ಲಿ ಇರಲಾರದು. ಆದರೆ ಒಂದು ಹಾಡು, ಒಂದು ಪದ್ಯ, ಒಂದು ನಿಘಂಟು, ಒಂದು ನಾಟಕ ಇವೂ ಸ್ವತ್ತೇ ಎಂದು ಕಾನೂನು ಹೇಳುತ್ತದೆ. ಈ ಬಗೆಯ ಸ್ವತ್ತಿಗೆ ಕೃತಿಸ್ವಾಮ್ಯವೆಂದು ಹೆಸರು. ಅಚ್ಚಿನ ಕಾಲದಲ್ಲಿ ಇದು ಪ್ರಕಾಶಕರಿಗೂ ಮುದ್ರಕರಿಗೂ ಸಂಬಂಧಿಸಿದ ಸಂಗತಿಯಾಗಿತ್ತು. ಉಪಾಧ್ಯಾಯನು ಅದರ ಗೊಡವೆಗೆ ಹೋಗಬೇಕಾಗಿರಲಿಲ್ಲ. ಮೊಬೈಲ್ ಫೋನು ಪ್ರತಿಯೊಬ್ಬನ ಜೇಬಿನಲ್ಲಿ ಒಂದು ಅಚ್ಚುಕೂಟವನ್ನೂ ಒಂದು ಆಕಾಶವಾಣಿ ಕೇಂದ್ರವನ್ನೂ ಇಟ್ಟುಬಿಟ್ಟ ಮೇಲೆ ಸ್ಥಿತಿ ಬದಲಾಗಿದೆ. ಶಾಲೆಯ ವಾರ್ಷಿಕೋತ್ಸವದ ಹಾಡನ್ನು ಅಂತರ್ಜಾಲಕ್ಕೆ ಏರಿಸಬಹುದೆ, ಹಳೆಯ ಪುಸ್ತಕವೊಂದನ್ನು ಚಿತ್ರ ತೆಗೆದು ಹಂಚಬಹುದೆ ಎಂಬ ಪ್ರಶ್ನೆಗಳು ಈಗ ನಮ್ಮ ನಿತ್ಯದ ಪ್ರಶ್ನೆಗಳು.

ಈ ಪ್ರಶ್ನೆಗಳನ್ನು ಗೋವೆಯಲ್ಲಿ ೨೦೨೪ರಲ್ಲಿ ತೀರ್ಮಾನವಾದ ಒಂದು ಮೊಕದ್ದಮೆಯ ಮೂಲಕ ವಿಚಾರಿಸುವುದು ಈ ಲೇಖನದ ಉದ್ದೇಶ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಸಾರ್ವಜನಿಕರ ಬಳಕೆಯ ಹಕ್ಕು ದಾಕ್ಷಿಣ್ಯದಿಂದಲೂ ಸುತ್ತೋಲೆಯಿಂದಲೂ ಉಳಿಯುವಂಥದಲ್ಲ. ಶಾಸನದ ವಾಕ್ಯ, ಒಡೆಯನ ಲಿಖಿತ ಅನುಮತಿ, ಪೇಟೆಯ ನ್ಯಾಯ ಈ ಮೂರು ಕಂಬಗಳ ಮೇಲೆ ಅದು ನಿಲ್ಲಬೇಕು.

೧. ಒಡೆತನ ಬೇರೆ, ಬಳಕೆ ಬೇರೆ

ಗಡಿನಾಡಿನವರಾದ ನಮಗೆ ಒಡೆತನ ಬೇರೆ, ಬಳಕೆ ಬೇರೆ ಎಂಬುದು ಹೊಸ ಮಾತೇನೂ ಅಲ್ಲ. ದಕ್ಷಿಣ ಕನ್ನಡದಲ್ಲಿಯೂ ಕಾಸರಗೋಡಿನಲ್ಲಿಯೂ ಕುಮ್ಕಿ ಎಂಬ ಪದ್ಧತಿಯನ್ನು ಬಲ್ಲದವರಿಲ್ಲ. ವರ್ಗದ ಭೂಮಿಗೆ ತಾಗಿದ ಸರಕಾರಿ ಜಾಗದಲ್ಲಿ ಸೊಪ್ಪು ಕಡಿಯಲು, ಕಟ್ಟಿಗೆ ತರಲು, ದನ ಮೇಯಿಸಲು ವರ್ಗದಾರನಿಗೆ ಸೌಲಭ್ಯವಿತ್ತು. ಭೂಮಿ ಮಾತ್ರ ಅವನದಲ್ಲ. ಉತ್ತರ ಕನ್ನಡದ ಅಡಕೆ ತೋಟಗಳಿಗೆ ಸೊಪ್ಪಿನ ಬೆಟ್ಟವೂ ಇದೇ ರೀತಿಯದು.

ಗೋವೆಯಲ್ಲಿ ಈ ವಿಚಾರ ಇನ್ನೂ ಬೆಳೆದ ರೂಪದಲ್ಲಿತ್ತು. ಅಲ್ಲಿಯ ಗಾಂವಕಾರಿ ವ್ಯವಸ್ಥೆಯಲ್ಲಿ ಊರಿನ ಭೂಮಿ ಊರ ಗಾಂವಕಾರರ ಸಮುದಾಯಕ್ಕೆ ಸೇರಿದ್ದು. ಗದ್ದೆಗಳನ್ನು ಅವಧಿ ಗೊತ್ತುಮಾಡಿ ಸವಾಲಿನಲ್ಲಿ ಸಾಗುವಳಿಗೆ ಕೊಡುತ್ತಿದ್ದರು; ಬಂದ ಉತ್ಪನ್ನದಲ್ಲಿ ಕಂದಾಯ, ಕಟ್ಟೆಗಳ ದುರಸ್ತಿ, ದೇವಸ್ಥಾನದ ವೆಚ್ಚ ಕಳೆದು ಉಳಿದದ್ದು ಸದಸ್ಯರ ಪಾಲು. ಪೋರ್ಚುಗೀಸರು ಈ ರೂಢಿಯನ್ನು ಅಳಿಸುವ ಬದಲು ಬರೆದಿಟ್ಟುಕೊಂಡರು. ೧೫೨೬ರಲ್ಲಿ ಅಫೋನ್ಸೊ ಮೆಷಿಯಾ ಎಂಬ ಅಧಿಕಾರಿಯ ಕಾಲದಲ್ಲಿ ಸಿದ್ಧವಾದ ಸನದು ಈ ಹಳ್ಳಿಗಳ ರೀತಿ-ನೀತಿಗಳ ದಾಖಲೆ. ರೂಢಿಯು ಬರಹಕ್ಕೆ ಇಳಿದುದರಿಂದಲೇ ಮುಂದಿನ ಶತಮಾನಗಳಲ್ಲಿ ಅದರ ಆಧಾರದ ಮೇಲೆ ವಾದಿಸುವುದು ಸಾಧ್ಯವಾಯಿತು ಎಂಬುದನ್ನು ಗಮನಿಸಬೇಕು.

ಭೂಮಿಗೂ ಹಾಡಿಗೂ ಒಂದು ದೊಡ್ಡ ಭೇದವಿದೆ. ಬೆಟ್ಟದ ಸೊಪ್ಪನ್ನು ಒಬ್ಬ ಕಡಿದರೆ ಇನ್ನೊಬ್ಬನಿಗೆ ಅಷ್ಟು ಕಡಿಮೆ. ಹಾಡನ್ನು ನೂರು ಜನ ಹಾಡಿದರೂ ಅದು ಸವೆಯದು. ಹಾಗಾದರೆ ಅದಕ್ಕೆ ಬೇಲಿ ಏಕೆ? ಹಾಡು ಕಟ್ಟಿದವನೂ ಉಣ್ಣಬೇಕಲ್ಲ, ಅದಕ್ಕಾಗಿ. ಗೋವೆಯ ಕೊಂಕಣಿ ರಂಗಭೂಮಿಯಾದ ತಿಯಾತ್ರ್ ೧೮೯೨ರಲ್ಲಿ ಮುಂಬಯಿಯಲ್ಲಿ ಹುಟ್ಟಿದಂದಿನಿಂದ ಹಾಡು ಅದರ ಜೀವ. ಆ ಹಾಡುಗಳನ್ನು ಬರೆದವರಿಗೆ ಪ್ರತಿಫಲವಿಲ್ಲದೆ ಹೋದರೆ ಮುಂದಿನ ಹಾಡು ಹುಟ್ಟುವುದೆಂತು? ಬೇಲಿ ಬೇಕು, ಬೇಲಿಯಲ್ಲಿ ತಡಮೆಯೂ ಬೇಕು. ಕೃತಿಸ್ವಾಮ್ಯದ ಇತಿಹಾಸವೆಲ್ಲ ಈ ತಡಮೆ ಎಷ್ಟು ಅಗಲವಿರಬೇಕೆಂಬ ವಾದವೇ ಆಗಿದೆ.

೨. ಅಚ್ಚಿನ ಕಾಲದ ಕಾನೂನು, ಗಣಕದ ಕಾಲದ ಬಳಕೆ

ಇಂಗ್ಲೆಂಡಿನಲ್ಲಿ ೧೭೧೦ರಲ್ಲಿ ಜಾರಿಗೆ ಬಂದ ಶಾಸನವು ಹೊಸ ಗ್ರಂಥಕ್ಕೆ ೧೪ ವರ್ಷಗಳ ಹಕ್ಕನ್ನು ಕೊಟ್ಟಿತು. ಗ್ರಂಥಕರ್ತನು ಬದುಕಿದ್ದರೆ ಇನ್ನೂ ೧೪ ವರ್ಷ. ಪೋರ್ಚುಗಲ್ ದೇಶವು ೧೯೨೭ರ ಶಾಸನದಲ್ಲಿ ಇನ್ನೊಂದು ತುದಿಗೆ ಹೋಗಿ ಸಾಹಿತ್ಯದ ಸ್ವತ್ತು ಹೊಲಮನೆಗಳಂತೆ ಶಾಶ್ವತವೆಂದು ಸಾರಿತು. ಆ ದೇಶ ೧೯೬೬ರಲ್ಲಿ ಅದನ್ನು ಕೈಬಿಟ್ಟು ಕರ್ತೃವಿನ ಮರಣಾನಂತರ ೫೦ ವರ್ಷಗಳೆಂದು ಗೊತ್ತುಪಡಿಸುವ ಹೊತ್ತಿಗೆ ಗೋವೆ ಭಾರತಕ್ಕೆ ಸೇರಿ ಐದು ವರ್ಷಗಳಾಗುತ್ತ ಬಂದಿದ್ದವು.

ನಮ್ಮ ದೇಶದ ಕೃತಿಸ್ವಾಮ್ಯ ಅಧಿನಿಯಮ ೧೯೫೭ರದು; ೧೯೫೮ರ ಜನವರಿ ೨೧ರಿಂದ ಜಾರಿಯಲ್ಲಿದೆ. ಮೊದಲು ಕರ್ತೃವಿನ ಆಯುಷ್ಯದ ಮೇಲೆ ೫೦ ವರ್ಷಗಳಿದ್ದ ಅವಧಿಯನ್ನು ೧೯೯೨ರಲ್ಲಿ ೬೦ಕ್ಕೆ ಏರಿಸಲಾಯಿತು. ಕರ್ತೃ ತೀರಿಕೊಂಡ ವರ್ಷದ ಮರುವರ್ಷದ ಮೊದಲ ದಿನದಿಂದ ಈ ೬೦ನ್ನು ಎಣಿಸಬೇಕು. ಲೆಕ್ಕ ಸುಲಭ. ಆಧುನಿಕ ಕೊಂಕಣಿಗೆ ತಳಪಾಯ ಹಾಕಿದ ಶೆಣೈ ಗೊಂಯ್‌ಬಾಬ್ ೧೯೪೬ರಲ್ಲಿ ತೀರಿಕೊಂಡರು. ಅವರು ತಮ್ಮ ಕಾಲದಲ್ಲಿ ಪ್ರಕಟಿಸಿದ ಕೃತಿಗಳು ೨೦೦೭ರ ಆರಂಭದಿಂದ ಎಲ್ಲರವು. ಮಂಜೇಶ್ವರದ ಗೋವಿಂದ ಪೈಗಳು ೧೯೬೩ರಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು ೨೦೨೪ರ ಜನವರಿ ೧ರಿಂದ ಎಲ್ಲರವು. ಕಾಸರಗೋಡಿನ ಯಾವ ಶಾಲೆಯೂ ಇಂದು ಆ ಕೃತಿಗಳನ್ನು ಯಾರನ್ನೂ ಕೇಳದೆ ಅಚ್ಚುಮಾಡಬಹುದು, ಓದಿ ಧ್ವನಿಮುದ್ರಿಸಬಹುದು, ಅಂತರ್ಜಾಲದಲ್ಲಿ ಇಡಬಹುದು. ಶಿವರಾಮ ಕಾರಂತರು ೧೯೯೭ರಲ್ಲಿ ತೀರಿಕೊಂಡವರಾದ್ದರಿಂದ ಅವರ ಕೃತಿಗಳಿಗೆ ೨೦೫೭ರ ಕೊನೆಯವರೆಗೆ ಕಾಯಬೇಕು.

ಅವಧಿಯ ಮಾತು ಇಷ್ಟು ಸರಳವಾದರೂ ಬಳಕೆಯ ಮಾತು ಸರಳವಲ್ಲ. ಹಳೆಯ ಕಾನೂನಿನ ಮೂಲಮಾನ ಪ್ರತಿ. ಪ್ರತಿ ತೆಗೆಯುವುದು ಅಚ್ಚುಕೂಟದ ಕೆಲಸ. ಓದುವುದು ಮನೆಯ ಕೆಲಸ. ಕಾನೂನು ಅಚ್ಚುಕೂಟದ ಬಾಗಿಲಲ್ಲಿ ನಿಲ್ಲುತ್ತಿತ್ತು, ಓದುವ ಕೋಣೆಗೆ ಬರುತ್ತಿರಲಿಲ್ಲ. ಗಣಕಯಂತ್ರದಲ್ಲಿಯಾದರೋ ಓದುವುದೆಂದರೇ ಪ್ರತಿ ತೆಗೆಯುವುದು. ತೆರೆಯ ಮೇಲೆ ಪುಟ ಮೂಡುವಾಗಲೇ ಯಂತ್ರದ ಒಳಗೆ ಒಂದು ಪ್ರತಿ ಹುಟ್ಟಿರುತ್ತದೆ. ಇದನ್ನು ಮನಗಂಡು ೨೦೧೨ರ ತಿದ್ದುಪಡಿಯು ರವಾನೆಯ ಕ್ರಮದಲ್ಲಿ ತಾತ್ಕಾಲಿಕವಾಗಿ, ಆನುಷಂಗಿಕವಾಗಿ ಆಗುವ ಸಂಗ್ರಹವನ್ನು ಉಲ್ಲಂಘನೆಯಲ್ಲವೆಂದು ಬಿಟ್ಟಿತು.

ಇನ್ನೊಂದು ಬದಲಾವಣೆ ಇದಕ್ಕಿಂತ ಆಳವಾದದ್ದು. ಪುಸ್ತಕವನ್ನು ಕೊಂಡವನು ಆ ಪ್ರತಿಯ ಒಡೆಯ. ಓದಬಹುದು, ಎರವಲು ಕೊಡಬಹುದು, ಮಾರಬಹುದು, ಮಗಳಿಗೆ ಬಿಟ್ಟುಹೋಗಬಹುದು. ವಿದ್ಯುನ್ಮಾನ ಪುಸ್ತಕವನ್ನು ಕೊಂಡವನಿಗೆ ಸಾಮಾನ್ಯವಾಗಿ ಸಿಗುವುದು ಓದಲು ಅನುಮತಿ ಮಾತ್ರ, ಅದೂ ಮಾರಿದವನ ಕರಾರಿನಂತೆ. ೨೦೦೯ರ ಜುಲೈಯಲ್ಲಿ ಅಮೆಜಾನ್ ಕಂಪನಿಯು ಜಾರ್ಜ್ ಆರ್ವೆಲ್ಲನ ಕಾದಂಬರಿಗಳ ಕೆಲವು ಪ್ರತಿಗಳನ್ನು, ಅವನ್ನು ಮಾರಿದವರಿಗೆ ಹಕ್ಕಿರಲಿಲ್ಲವೆಂಬ ಕಾರಣಕ್ಕೆ, ಕೊಂಡವರ ಕಿಂಡಲ್ ಯಂತ್ರಗಳಿಂದ ದೂರದಿಂದಲೇ ಅಳಿಸಿತು, ಹಣವನ್ನು ಮರಳಿಸಿತು. ಅಂಗಡಿಯವನು ರಾತ್ರಿ ನಮ್ಮ ಮನೆಗೆ ಬಂದು ಕಪಾಟಿನಿಂದ ಪುಸ್ತಕ ತೆಗೆದುಕೊಂಡು ಹೋಗಿ ಮೇಜಿನ ಮೇಲೆ ರೂಪಾಯಿ ಇಟ್ಟಂತಾಯಿತು ಇದು. ಹೀಗೆ ಡಿಜಿಟಲ್ ಕಾಲದಲ್ಲಿ ಕೃತಿಸ್ವಾಮ್ಯದ ಪ್ರಶ್ನೆ ಸ್ವತ್ತಿನ ಪ್ರಶ್ನೆಯೊಂದಿಗೂ ಕರಾರಿನ ಪ್ರಶ್ನೆಯೊಂದಿಗೂ ಹೆಣೆದುಕೊಂಡಿದೆ. ಗೋವೆಯ ಮೊಕದ್ದಮೆಯಲ್ಲಿ ಈ ಹೆಣಿಗೆ ಸ್ಪಷ್ಟವಾಗಿ ಕಾಣುತ್ತದೆ.

೩. ಮದುವೆಯ ಹಾಡು ನ್ಯಾಯಾಲಯಕ್ಕೆ ಹೋದುದು

ಗೋವೆಯಲ್ಲಿ ಸಂಗೀತವಿಲ್ಲದ ಮದುವೆ ಇಲ್ಲ. ಊರವರ ಮದುವೆಗಳ ಜೊತೆಗೆ ದೇಶದ ನಾನಾ ಭಾಗಗಳಿಂದ ಬಂದು ಹೊಟೇಲುಗಳಲ್ಲಿ ನಡೆಸುವ ಮದುವೆಗಳೂ ಅಲ್ಲಿ ದೊಡ್ಡ ವ್ಯಾಪಾರ. ಹಾಡುಗಳು ವಾದ್ಯದವರಿಂದ ಬಂದಾವು, ಅಥವಾ ಧ್ವನಿಮುದ್ರಿಕೆಯಿಂದ, ಈಗ ಹೆಚ್ಚಾಗಿ ಮೊಬೈಲಿನಿಂದಲೋ ಗಣಕದಿಂದಲೋ ಬಂದಾವು. ಧ್ವನಿಮುದ್ರಿಕೆಯನ್ನು ಸಾರ್ವಜನಿಕವಾಗಿ ನುಡಿಸಲು ಅದರ ಒಡೆಯನಿಂದ ಪರವಾನಗಿ ಬೇಕು. ಅನೇಕ ಕಂಪನಿಗಳ ಪರವಾಗಿ ಈ ಪರವಾನಗಿ ಕೊಟ್ಟು ಹಣ ಪಡೆಯುವ ಸಂಸ್ಥೆಗಳಲ್ಲಿ ಫೊನೊಗ್ರಾಫಿಕ್ ಪರ್ಫಾರ್ಮೆನ್ಸ್ ಲಿಮಿಟೆಡ್ ಒಂದು.

ಅಧಿನಿಯಮದ ೫೨ನೆಯ ಕಲಮು ಉಲ್ಲಂಘನೆಯಾಗದ ಬಳಕೆಗಳ ಪಟ್ಟಿ. ನಾವು ತಡಮೆ ಎಂದುದು ಇದನ್ನೇ. ೧೯೯೪ರ ತಿದ್ದುಪಡಿಯಿಂದ ಇದರಲ್ಲಿ ಒಂದು ಉಪಕಲಮು ಸೇರಿತು. ಪ್ರಾಮಾಣಿಕವಾದ ಧಾರ್ಮಿಕ ಸಮಾರಂಭದಲ್ಲಿ, ಅಥವಾ ಕೇಂದ್ರ ಸರಕಾರ, ರಾಜ್ಯ ಸರಕಾರ, ಸ್ಥಳೀಯ ಸಂಸ್ಥೆ ನಡೆಸುವ ಅಧಿಕೃತ ಸಮಾರಂಭದಲ್ಲಿ ಹಾಡು ಹಾಡುವುದೂ ಧ್ವನಿಮುದ್ರಿಕೆ ನುಡಿಸುವುದೂ ಉಲ್ಲಂಘನೆಯಲ್ಲ. ಧಾರ್ಮಿಕ ಸಮಾರಂಭವೆಂದರೆ ಮದುವೆಯ ಮೆರವಣಿಗೆಯೂ ಮದುವೆಗೆ ಸಂಬಂಧಿಸಿದ ಇತರ ಸಾಮಾಜಿಕ ಉತ್ಸವಗಳೂ ಸೇರುತ್ತವೆಂದು ಅಲ್ಲಿಯೇ ವಿವರಣೆ ಉಂಟು.

ಮಾತು ಸ್ಪಷ್ಟವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಮದುವೆಗೆ ಎರಡು ದಿನ ಮುಂಚೆ ಹೊಟೇಲಿನ ಈಜುಕೊಳದ ಬಳಿ ಬಾಡಿಗೆಯ ಸಂಗೀತಗಾರನಿಟ್ಟುಕೊಂಡು ನಡೆಸುವ ಕೂಟ ಮದುವೆಗೆ ಸಂಬಂಧಿಸಿದ ಉತ್ಸವವೆ? ಹೊಟೇಲು ಆ ಕೂಟಕ್ಕೆ ಶುಲ್ಕ ಪಡೆಯುತ್ತಿದ್ದರೆ? ಇಂಥ ಜಗಳಗಳು ಹೆಚ್ಚಿದಾಗ ಕೇಂದ್ರ ಸರಕಾರದ ಇಲಾಖೆಯು ೨೦೨೩ರ ಜುಲೈ ೨೪ರಂದು ಒಂದು ಸಾರ್ವಜನಿಕ ಪ್ರಕಟಣೆ ಹೊರಡಿಸಿ, ಮದುವೆಯ ಸಮಾರಂಭಗಳಿಗೆ ಹಣ ಕೇಳುವುದು ಈ ಉಪಕಲಮಿಗೆ ವಿರುದ್ಧವೆಂದು ತಿಳಿಸಿತು. ಅದನ್ನು ಅನುಸರಿಸಿ ಗೋವಾ ಸರಕಾರ ೨೦೨೪ರ ಜನವರಿ ೩೦ರಂದು ಸುತ್ತೋಲೆ ಹೊರಡಿಸಿತು. ಮದುವೆಯೇ ಮುಂತಾದ ಧಾರ್ಮಿಕ ಸಮಾರಂಭಗಳಲ್ಲಿ ಸಂಗೀತಕ್ಕೆ ಹೊಟೇಲುಗಳಾಗಲಿ ಕೃತಿಸ್ವಾಮ್ಯ ಸಂಘಗಳಾಗಲಿ ಅನುಮತಿಗೂ ಹಣಕ್ಕೂ ಒತ್ತಾಯಿಸಕೂಡದು ಎಂಬುದು ಅದರ ತಾತ್ಪರ್ಯ.

ಹಕ್ಕುದಾರರು ಮುಂಬಯಿ ಉಚ್ಚ ನ್ಯಾಯಾಲಯದ ಗೋವಾ ಪೀಠಕ್ಕೆ ಹೋದರು. ನ್ಯಾಯಮೂರ್ತಿ ಎಂ. ಎಸ್. ಕರ್ಣಿಕ್ ಮತ್ತು ನ್ಯಾಯಮೂರ್ತಿ ವಾಲ್ಮೀಕಿ ಮೆನೆಜಿಸ್ ಇವರ ಪೀಠವು ೨೦೨೪ರ ಆಗಸ್ಟ್ ೧೩ರಂದು ಸುತ್ತೋಲೆಯನ್ನು ರದ್ದುಗೊಳಿಸಿತು. ಸುತ್ತೋಲೆಯು ಉಪಕಲಮಿನ ವ್ಯಾಪ್ತಿಯನ್ನು ಸಂಸತ್ತು ಬರೆದುದಕ್ಕಿಂತ ಹಿಗ್ಗಿಸುತ್ತದೆ; ಹಕ್ಕುದಾರನಿಗೆ ಶಾಸನ ಕೊಟ್ಟಿರುವ ಪರಿಹಾರಕ್ಕೆ ಅಡ್ಡ ಬರುತ್ತದೆ; ಒಂದು ನಿರ್ದಿಷ್ಟ ಸಮಾರಂಭ ಈ ವಿನಾಯಿತಿಯೊಳಗೆ ಬರುತ್ತದೆಯೋ ಇಲ್ಲವೋ ಎಂಬುದು ಆಯಾ ಸಂದರ್ಭದ ಸಂಗತಿಗಳನ್ನು ನೋಡಿ ನಿರ್ಣಯಿಸಬೇಕಾದ ವಿಷಯ. ತೀರ್ಪಿನ ಸಾರ ಇದು.

ಈ ತೀರ್ಪಿನ ಅರ್ಥವನ್ನು ಸರಿಯಾಗಿ ತಿಳಿಯಬೇಕು. ಮದುವೆಗೆ ಇದ್ದ ವಿನಾಯಿತಿಯನ್ನು ನ್ಯಾಯಾಲಯ ತೆಗೆದುಹಾಕಲಿಲ್ಲ. ೫೨ನೆಯ ಕಲಮು ಹಾಗೆಯೇ ನಿಂತಿದೆ. ಬಿದ್ದುಹೋದದ್ದು ಸುತ್ತೋಲೆ. ನಮ್ಮ ಸಂವಿಧಾನದ ೩೦೦ಎ ವಿಧಿ, ೧೯೭೮ರ ತಿದ್ದುಪಡಿಯಿಂದ ಬಂದದ್ದು, ಕಾನೂನಿನ ಬಲವಿಲ್ಲದೆ ಯಾರ ಸ್ವತ್ತನ್ನೂ ಕಸಿಯಬಾರದೆನ್ನುತ್ತದೆ. ಆಡಳಿತದ ಸುತ್ತೋಲೆ ಕಾನೂನಲ್ಲ. ಜನರಿಗೆ ಒಳ್ಳೆಯದಾಗಲೆಂದು ಹೊರಟ ಸುತ್ತೋಲೆಯೂ ಶಾಸನದ ಗೆರೆಯನ್ನು ದಾಟಿದರೆ ಏಳು ತಿಂಗಳೂ ಬಾಳದು. ಗಡಿನಾಡಿನಲ್ಲಿ ಶಾಲೆ, ಭಾಷೆ, ನೇಮಕಾತಿಗಳ ವಿಷಯದಲ್ಲಿ ಸುತ್ತೋಲೆಗಳನ್ನು ನೆಚ್ಚಿ ಬದುಕಿದ ನಮಗೆ ಈ ಪಾಠವನ್ನು ಬಿಡಿಸಿ ಹೇಳಬೇಕಾಗಿಲ್ಲ.

೪. ಪೇಟೆಯ ನ್ಯಾಯ

ಹಣ ಕೇಳುವ ಹಕ್ಕು ಇದೆಯೆಂದಾದರೆ ಮುಂದಿನ ಪ್ರಶ್ನೆ ಎಷ್ಟು ಕೇಳಬಹುದು ಎಂಬುದು. ಇಲ್ಲಿ ಕೃತಿಸ್ವಾಮ್ಯದ ಕಾನೂನು ಪೈಪೋಟಿಯ ಕಾನೂನನ್ನು ಸಂಧಿಸುತ್ತದೆ.

ಅಕ್ಕಿ ಒಂದು ಅಂಗಡಿಯಲ್ಲಿ ತುಟ್ಟಿಯಾದರೆ ಇನ್ನೊಂದು ಅಂಗಡಿಗೆ ಹೋಗಬಹುದು. ಜನ ಕೇಳುವ ಹಾಡು ಒಂದೇ. ಅದಕ್ಕೆ ಬದಲಿ ಇಲ್ಲ. ಸಾವಿರಾರು ಹಾಡುಗಳ ಹಕ್ಕು ಒಂದೇ ಕೈಗೆ ಬಂದರೆ ಆ ಕೈ ಹೇಳಿದ್ದೇ ದರ. ಇದನ್ನು ತಡೆಯಲೆಂದೇ ಅಧಿನಿಯಮದ ೩೩ನೆಯ ಕಲಮು ಪರವಾನಗಿ ಕೊಡುವ ವ್ಯವಹಾರಕ್ಕೆ ನೋಂದಣಿಯಾದ ಕೃತಿಸ್ವಾಮ್ಯ ಸಂಘಗಳನ್ನು ಏರ್ಪಡಿಸಿದೆ. ಅವು ದರಪಟ್ಟಿ ಪ್ರಕಟಿಸಬೇಕು, ಲೆಕ್ಕ ಒಪ್ಪಿಸಬೇಕು. ಹಾಗಾದರೆ ನೋಂದಣಿಯಿಲ್ಲದ ಕಂಪನಿಯು ಬೇರೆಯವರಿಂದ ಹಕ್ಕನ್ನು ಬರೆಯಿಸಿಕೊಂಡು ತಾನೇ ಒಡೆಯನೆಂದು ಪರವಾನಗಿ ಮಾರಬಹುದೆ? ಮದ್ರಾಸು ಉಚ್ಚ ನ್ಯಾಯಾಲಯ ೨೦೨೧ರ ಡಿಸೆಂಬರಿನಲ್ಲಿ ಕೂಡದೆಂದಿತು. ಮುಂಬಯಿ ಉಚ್ಚ ನ್ಯಾಯಾಲಯ ೨೦೨೪ರ ಜನವರಿ ೨೪ರಂದು, ಅಂದರೆ ಗೋವೆಯ ಸುತ್ತೋಲೆಗೆ ಆರು ದಿನ ಮೊದಲು, ಒಡೆಯನಿಗೆ ಆ ಹಕ್ಕು ಉಂಟೆಂದಿತು. ದೆಹಲಿ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠ ೨೦೨೫ರ ಏಪ್ರಿಲಿನಲ್ಲಿ ಮತ್ತೆ ಸಂಘದ ಮೂಲಕವೇ ಆಗಬೇಕೆಂದಿತು. ಆ ತೀರ್ಪಿನಲ್ಲಿದ್ದ ದರದ ನಿರ್ದೇಶಕ್ಕೆ ಸರ್ವೋಚ್ಚ ನ್ಯಾಯಾಲಯ ಅದೇ ತಿಂಗಳು ತಡೆ ಕೊಟ್ಟಿತು. ಒಂದೇ ಹಾಡು ಚೆನ್ನೈಯಲ್ಲಿ ಒಂದು ನ್ಯಾಯಕ್ಕೂ ಪಣಜಿಯಲ್ಲಿ ಇನ್ನೊಂದು ನ್ಯಾಯಕ್ಕೂ ಒಳಗಾಗುವುದು ಸಣ್ಣ ಸಭಾಗೃಹದ ಯಜಮಾನನಿಗೆ ಎಷ್ಟು ತೊಡಕೆಂಬುದನ್ನು ಊಹಿಸಬಹುದು.

ದರ ಅತಿಯಾದರೆ ಏನು? ೨೦೦೮ರಲ್ಲಿ ರೇಡಿಯೋ ಕಂಪನಿಗಳ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಒಪ್ಪಲಾಗದ ಷರತ್ತುಗಳನ್ನು ಒಡ್ಡುವುದೂ ನಿರಾಕರಿಸಿದಂತೆಯೇ, ಅಂಥಲ್ಲಿ ಕಡ್ಡಾಯ ಪರವಾನಗಿ ಕೊಡಿಸಬಹುದು ಎಂದಿತು. ದರವನ್ನು ವಿಚಾರಿಸಲು ಕೃತಿಸ್ವಾಮ್ಯ ಮಂಡಲಿ ಇತ್ತು. ೨೦೧೭ರಲ್ಲಿ ಅದು ಬೌದ್ಧಿಕ ಸ್ವತ್ತಿನ ಮೇಲ್ಮನವಿ ಮಂಡಲಿಯಲ್ಲಿ ವಿಲೀನವಾಯಿತು. ೨೦೨೧ರಲ್ಲಿ ಆ ಮಂಡಲಿಯೂ ರದ್ದಾಗಿ ಕೆಲಸ ನ್ಯಾಯಾಲಯಗಳಿಗೆ ಬಂತು. ಸುಲಭ ವೆಚ್ಚದ ಕಟ್ಟೆ ಹೋಗಿ ದೊಡ್ಡ ವೆಚ್ಚದ ಕಟ್ಟೆ ಉಳಿಯಿತು. ೨೦೦೨ರ ಸ್ಪರ್ಧಾ ಅಧಿನಿಯಮದ ೩ನೆಯ ಕಲಮು ಬೌದ್ಧಿಕ ಸ್ವತ್ತಿನ ರಕ್ಷಣೆಗಾಗಿ ಹಾಕುವ ಯುಕ್ತ ಷರತ್ತುಗಳಿಗೆ ರಿಯಾಯತಿ ಕೊಡುತ್ತದೆ. ಪ್ರಾಬಲ್ಯದ ದುರುಪಯೋಗವನ್ನು ಹೇಳುವ ೪ನೆಯ ಕಲಮಿನಲ್ಲಿ ಅಂಥ ರಿಯಾಯತಿ ಇಲ್ಲ. ಈ ಆಧಾರದ ಮೇಲೆ ಭಾರತೀಯ ಸ್ಪರ್ಧಾ ಆಯೋಗವು ೨೦೧೪ರ ಅಕ್ಟೋಬರಿನಲ್ಲಿ ಸೂಪರ್ ಕ್ಯಾಸೆಟ್ಸ್ ಕಂಪನಿಗೆ ೨.೮೩ ಕೋಟಿ ರೂಪಾಯಿ ದಂಡ ಹಾಕಿತು. ಹಾಡು ನುಡಿಸಲಿ ಬಿಡಲಿ, ಪ್ರತಿ ತಿಂಗಳೂ ಇಷ್ಟು ಕನಿಷ್ಠ ಹಣ ಕೊಡಲೇಬೇಕೆಂದು ರೇಡಿಯೋ ಕೇಂದ್ರಕ್ಕೆ ವಿಧಿಸಿದ ಷರತ್ತು ದುರುಪಯೋಗವೆಂಬುದು ಆಯೋಗದ ನಿರ್ಣಯವಾಗಿತ್ತು.

ಹಾಡುಗಾರನ ಪಾಲನ್ನೂ ಇಲ್ಲಿ ಮರೆಯಬಾರದು. ೨೦೧೨ರ ತಿದ್ದುಪಡಿಯು ಚಲನಚಿತ್ರಗೀತೆಯನ್ನು ಬರೆದವನಿಗೂ ರಾಗ ಹಾಕಿದವನಿಗೂ ಗೌರವಧನದಲ್ಲಿ ಸಮಪಾಲಿನ ಹಕ್ಕನ್ನು, ಅವನು ಬಿಟ್ಟುಕೊಡಲು ಬಾರದಂತೆ, ಕಾದಿಟ್ಟಿದೆ. ಬೇಲಿ ಕಂಪನಿಗೆ ಮಾತ್ರ ಉಪಯೋಗವಾದರೆ ಅದನ್ನು ಕಟ್ಟಿದ ಉದ್ದೇಶವೇ ಕೆಟ್ಟಂತೆ.

೫. ಶಾಲೆಗೆ ಕಾನೂನು ಬಿಟ್ಟ ದಾರಿ

ಈಗ ನಮ್ಮ ಅಂಗಳಕ್ಕೆ ಬರೋಣ. ವಾಸ್ಕೋ ಪ್ರದೇಶದ ಕನ್ನಡ ಶಾಲೆಯಾಗಲಿ, ಕಾರವಾರದ ಕೊಂಕಣಿ ಮಕ್ಕಳಿರುವ ಶಾಲೆಯಾಗಲಿ, ಕಾಸರಗೋಡಿನ ಶಾಲೆಯಾಗಲಿ, ೫೨ನೆಯ ಕಲಮಿನಲ್ಲಿ ಅವುಗಳಿಗೆ ಇರುವ ದಾರಿ ಸಾಕಷ್ಟು ಅಗಲವಾದದ್ದು.

ಒಂದು, ಪಾಠದ ಸಂದರ್ಭದಲ್ಲಿ ಉಪಾಧ್ಯಾಯನಾಗಲಿ ವಿದ್ಯಾರ್ಥಿಯಾಗಲಿ ಕೃತಿಯ ಪ್ರತಿ ತೆಗೆಯುವುದು ಉಲ್ಲಂಘನೆಯಲ್ಲ. ದೆಹಲಿ ವಿಶ್ವವಿದ್ಯಾಲಯದ ಆವರಣದ ಒಂದು ಛಾಯಾಪ್ರತಿ ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಜ್ ಮೊದಲಾದ ಪ್ರಕಾಶಕರು ಹೂಡಿದ ದಾವೆಯಲ್ಲಿ ೨೦೧೬ರ ಸೆಪ್ಟೆಂಬರ್ ಮತ್ತು ಡಿಸೆಂಬರ್ ತೀರ್ಪುಗಳು ‘ಪಾಠದ ಸಂದರ್ಭ’ ಎಂಬ ಮಾತಿಗೆ ವಿಶಾಲವಾದ ಅರ್ಥ ಕೊಟ್ಟವು. ಪಾಠಕ್ರಮಕ್ಕೆ ಬೇಕಾದ ಪುಟಗಳನ್ನು ಕೂಡಿಸಿದ ಕಂತೆಯೂ ಅದರಲ್ಲಿ ಬರಬಹುದೆಂದು ಇದರಿಂದ ತಿಳಿಯಿತು.

ಎರಡು, ಶಾಲೆಯ ಚಟುವಟಿಕೆಯ ಅಂಗವಾಗಿ ಅಲ್ಲಿಯ ಉಪಾಧ್ಯಾಯರೂ ಮಕ್ಕಳೂ ನಾಟಕವಾಡಬಹುದು, ಹಾಡಬಹುದು. ಧ್ವನಿಮುದ್ರಿಕೆಯನ್ನೂ ಚಲನಚಿತ್ರವನ್ನೂ ಬಳಸಬಹುದು. ಆದರೆ ಪ್ರೇಕ್ಷಕರು ಮಕ್ಕಳು, ಉಪಾಧ್ಯಾಯರು, ತಂದೆತಾಯಿ-ಪೋಷಕರು ಮತ್ತು ಸಂಸ್ಥೆಗೆ ಸಂಬಂಧಪಟ್ಟವರು ಇಷ್ಟೇ ಆಗಿರಬೇಕು.

ಮೂರು, ಹವ್ಯಾಸಿ ಸಂಘವು ಹಣ ಕೊಡದ ಪ್ರೇಕ್ಷಕರ ಮುಂದೆ ನಾಟಕವನ್ನೋ ಹಾಡನ್ನೋ ಪ್ರದರ್ಶಿಸಬಹುದು. ಈ ಮೂರನೆಯದರಲ್ಲಿ ಧ್ವನಿಮುದ್ರಿಕೆಯ ಮಾತಿಲ್ಲ ಎಂಬುದನ್ನು ಗುರುತಿಟ್ಟುಕೊಳ್ಳಬೇಕು. ಹಾಡಿನಲ್ಲಿ ಎರಡು ಪದರಗಳಿವೆ. ಸಾಹಿತ್ಯ ಮತ್ತು ರಾಗ ಒಂದು. ಅದರ ಧ್ವನಿಮುದ್ರಿಕೆ ಇನ್ನೊಂದು. ರಾಜ್ಯೋತ್ಸವದಲ್ಲಿ ಸಂಘದ ಮಕ್ಕಳು ತಾವೇ ಹಾಡಿದರೆ ಹವ್ಯಾಸಿಗಳ ವಿನಾಯಿತಿ ಕಾಯುತ್ತದೆ. ಧ್ವನಿಮುದ್ರಿಕೆ ಹಾಕಿ ಕುಣಿದರೆ ಅದು ಕಾಯದು.

ಇದರ ಬಗ್ಗೆ ನಮ್ಮ ಕನ್ನಡನಾಡಿನದೇ ಒಂದು ತೀರ್ಪಿದೆ. ಶಿವರಾಮ ಕಾರಂತರು ಯಕ್ಷಗಾನಕ್ಕೆ ನೃತ್ಯರೂಪಕದ ಹೊಸ ರೂಪ ಕೊಟ್ಟರು. ಅವರ ನಿಧನಾನಂತರ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸಂಸ್ಥೆಯು ೨೦೦೧ರಲ್ಲಿ ದೆಹಲಿಯಲ್ಲಿ ‘ಅಭಿಮನ್ಯು ವಧೆ’ಯನ್ನು ಆಡಿಸಿದಾಗ, ಕಾರಂತರ ೧೯೯೪ರ ಮರಣಶಾಸನದಿಂದ ಹಕ್ಕು ಪಡೆದವರು ದಾವೆ ಹೂಡಿದರು. ಯಕ್ಷಗಾನ ಪರಂಪರೆ ಎಲ್ಲರದು. ಅದರಿಂದ ಒಬ್ಬರು ಕಡೆದ ಹೊಸ ರೂಪ ಅವರದು ಎಂಬ ಭೇದ ಈ ಮೊಕದ್ದಮೆಯಲ್ಲಿ ಸ್ಪಷ್ಟವಾಯಿತು. ೨೦೦೯ರ ಜನವರಿ ೨೩ರಂದು ಸರ್ವೋಚ್ಚ ನ್ಯಾಯಾಲಯವು ಹಕ್ಕುದಾರರ ಪರವಾಗಿದ್ದ ನಿರ್ಬಂಧವನ್ನು ಉಳಿಸಿಕೊಂಡಿತು. ಆದರೆ ೫೨ನೆಯ ಕಲಮಿನ ವಿನಾಯಿತಿಗಳಿಗೆ ಈ ನಿರ್ಬಂಧ ಅಡ್ಡಿಯಲ್ಲ, ಶಾಲೆಯ ಪ್ರದರ್ಶನಕ್ಕೂ ಹಣ ಕೊಡದ ಪ್ರೇಕ್ಷಕರ ಮುಂದಿನ ಪ್ರದರ್ಶನಕ್ಕೂ ಅವಕಾಶವುಂಟು ಎಂದು ತಿದ್ದಿತು. ಒಡೆತನವೂ ಉಳಿಯಿತು, ತಡಮೆಯೂ ಉಳಿಯಿತು.

ತೊಡಕು ಹುಟ್ಟುವುದು ಅಂತರ್ಜಾಲದಲ್ಲಿ. ಶಾಲೆಯ ಸಭಾಂಗಣದಲ್ಲಿ ನಿರ್ದೋಷವಾದ ಕುಣಿತವನ್ನು ಯೂಟ್ಯೂಬಿಗೆ ಏರಿಸಿದ ಕ್ಷಣವೇ ಪ್ರೇಕ್ಷಕರು ಪೋಷಕರಷ್ಟೇ ಆಗಿ ಉಳಿಯುವುದಿಲ್ಲ, ಲೋಕವೇ ಪ್ರೇಕ್ಷಕ. ಅಲ್ಲಿ ಹಾಡನ್ನು ಗುರುತಿಸುವುದು ನ್ಯಾಯಾಧೀಶನಲ್ಲ, ಯಂತ್ರ. ಆ ಯಂತ್ರ ಧ್ವನಿಯನ್ನು ಧ್ವನಿಯೊಂದಿಗೆ ಹೋಲಿಸುತ್ತದೆ. ಅದಕ್ಕೆ ೫೨ನೆಯ ಕಲಮು ತಿಳಿಯದು. ಪಾಠಕ್ಕಾಗಿ ನ್ಯಾಯವಾಗಿ ಬಳಸಿದ ತುಣುಕನ್ನೂ ಅದು ತಡೆಯಬಲ್ಲದು. ೨೦೧೨ರ ತಿದ್ದುಪಡಿಯಂತೆ ಹಕ್ಕುದಾರನು ಲಿಖಿತ ದೂರು ಕೊಟ್ಟರೆ ಜಾಲತಾಣದವರು ೨೧ ದಿನ ತಡೆಹಿಡಿಯಬೇಕು. ಅಷ್ಟರೊಳಗೆ ನ್ಯಾಯಾಲಯದ ಆಜ್ಞೆ ಬಾರದಿದ್ದರೆ ಮತ್ತೆ ತೆರೆಯಬಹುದು. ಯಂತ್ರದ ತಡೆ ಈ ಕ್ರಮಕ್ಕೆ ಕಾಯುವುದಿಲ್ಲ. ಅದು ಕಂಪನಿಯ ಕರಾರಿನಂತೆ ನಡೆಯುತ್ತದೆ. ಶಾಸನ ಕೊಟ್ಟ ವಿನಾಯಿತಿಯನ್ನು ಕರಾರು ಕಸಿಯದಂತೆ ಮಾಡುವುದೇ ಡಿಜಿಟಲ್ ಕಾಲದ ತಿದ್ದುಪಡಿಯ ಮುಖ್ಯ ಕೆಲಸವೆಂದು ನಮ್ಮ ನಂಬಿಕೆ.

೬. ಬಾಗಿಲು ತೆರೆದ ಒಡೆಯರು

ಶಾಸನ ಬದಲಾಗುವ ತನಕ ಕೈಕಟ್ಟಿ ಕುಳಿತಿರಬೇಕಾಗಿಲ್ಲ ಎಂಬುದಕ್ಕೂ ಗೋವೆಯೇ ಉದಾಹರಣೆ. ಗೋವಾ ವಿಶ್ವವಿದ್ಯಾಲಯವು ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದ ಕೊಂಕಣಿ ವಿಶ್ವಕೋಶ ಹಲವು ವಿದ್ವಾಂಸರ ವರ್ಷಾನುವರ್ಷದ ದುಡಿಮೆ. ಇಂಥ ಗ್ರಂಥ ಮರುಮುದ್ರಣವಾಗದೆ ಗ್ರಂಥಾಲಯದ ಕಪಾಟಿನಲ್ಲಿ ಉಳಿದುಬಿಡುವುದು ಸಣ್ಣ ಭಾಷೆಗಳ ಸಾಮಾನ್ಯ ವಿಧಿ. ೨೦೧೩ರಲ್ಲಿ ವಿಶ್ವವಿದ್ಯಾಲಯವು ಅದನ್ನು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಅದರ ನಿಯಮ ಎರಡೇ: ಮೂಲದ ಹೆಸರು ಹೇಳಬೇಕು, ಅದನ್ನು ಬೆಳೆಸಿ ಪ್ರಕಟಿಸಿದವನು ತನ್ನ ಕೃತಿಯನ್ನೂ ಇದೇ ಷರತ್ತಿನಲ್ಲಿ ಹಂಚಬೇಕು. ಒಡೆತನವನ್ನು ಬಿಟ್ಟುಕೊಟ್ಟಂತಾಗಲಿಲ್ಲ, ಗಾಂವಕಾರಿಯ ಗದ್ದೆಯಂತೆ ಬಳಕೆಯ ಕ್ರಮವನ್ನು ಬರೆದಿಟ್ಟಂತಾಯಿತು. ೨೦೧೫ರ ಜುಲೈಯಲ್ಲಿ ಕೊಂಕಣಿ ವಿಕಿಪೀಡಿಯ ಸ್ವತಂತ್ರವಾಗಿ ತೆರೆದಾಗ ಅದರಲ್ಲಿ ದೇವನಾಗರಿ, ರೋಮನ್, ಕನ್ನಡ ಮೂರು ಲಿಪಿಗಳಿಗೂ ಎಡೆ ಸಿಕ್ಕಿತು.

ಕನ್ನಡದಲ್ಲಿಯೂ ಹೀಗೆಯೇ ನಡೆದಿದೆ. ಮೈಸೂರು ವಿಶ್ವವಿದ್ಯಾಲಯವು ತನ್ನ ಕನ್ನಡ ವಿಶ್ವಕೋಶದ ಆರು ಸಂಪುಟಗಳನ್ನು ೨೦೧೪ರಲ್ಲಿ ಇದೇ ಬಗೆಯ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಕಾದಂಬರಿಕಾರ ನಿರಂಜನರ ಮಗಳು ತೇಜಸ್ವಿನಿ ನಿರಂಜನ ಅವರು ತಂದೆಯ ಕೃತಿಗಳನ್ನು ಮುಕ್ತಗೊಳಿಸಿದರು. ನಿರಂಜನರು ೧೯೯೨ರಲ್ಲಿ ತೀರಿಕೊಂಡವರು; ಕಾನೂನಿನಂತೆ ೨೦೫೨ರ ಕೊನೆಯವರೆಗೆ ಕಾಯಬೇಕಾಗಿದ್ದ ಆ ಕೃತಿಗಳು, ಕಾಸರಗೋಡು ಜಿಲ್ಲೆಯ ಕಯ್ಯೂರಿನ ರೈತ ಹೋರಾಟವನ್ನು ಕುರಿತ ‘ಚಿರಸ್ಮರಣೆ’ಯಂಥ ಕೃತಿಗಳು, ಒಡೆಯರ ಒಂದು ಬರಹದಿಂದ ಇಂದೇ ನಮ್ಮ ಮಕ್ಕಳ ಕೈಗೆ ಸಿಗುವಂತಾದವು.

೭. ನಾವು ಮಾಡಬಹುದಾದುದು

ಒಡೆಯನು ಯಾರೆಂದೇ ತಿಳಿಯದ ಕೃತಿಗಳ ಸ್ಥಿತಿ ಎಲ್ಲಕ್ಕಿಂತ ಶೋಚನೀಯ. ಗಡಿನಾಡಿನ ಸಂಘಗಳ ಹಳೆಯ ಸ್ಮರಣಿಕೆಗಳು, ಸ್ಥಳಚರಿತ್ರೆಗಳು, ಶಾಲಾ ಪತ್ರಿಕೆಗಳು ಹೆಚ್ಚಾಗಿ ಈ ಜಾತಿಯವು. ಲೇಖನದ ಹಕ್ಕು ಸಾಮಾನ್ಯವಾಗಿ ಬರೆದವನಲ್ಲೇ ಇರುತ್ತದೆ. ಸಂಘಕ್ಕೆ ಬರಬೇಕಾದರೆ ಬರಹದಲ್ಲಿ ಸಹಿ ಬೇಕು. ಆ ಬರಹದಲ್ಲಿಯೂ ಅವಧಿ ಹೇಳದಿದ್ದರೆ ಐದೇ ವರ್ಷ. ಪ್ರದೇಶ ಹೇಳದಿದ್ದರೆ ಭಾರತದೊಳಗೆ ಮಾತ್ರ. ಹೀಗಿರುವಾಗ ನಾಲ್ಕು ದಶಕಗಳ ಹಿಂದಿನ ಸ್ಮರಣಿಕೆಯನ್ನು ಇಂದು ಅಂತರ್ಜಾಲದಲ್ಲಿ ಇಡಲು ಇಪ್ಪತ್ತು ಲೇಖಕರ ವಾರಸುದಾರರನ್ನು ಹುಡುಕಬೇಕಾಗುತ್ತದೆ. ಸಿಗದಿದ್ದರೆ ೩೧ಎ ಕಲಮಿನಂತೆ ಪರವಾನಗಿ ಬೇಡಬಹುದು. ಆದರೆ ಅದಕ್ಕೆ ಮೊದಲು ದೇಶದ ಬಹುಭಾಗದಲ್ಲಿ ಪ್ರಸಾರವಿರುವ ಇಂಗ್ಲಿಷ್ ದಿನಪತ್ರಿಕೆಯೊಂದರಲ್ಲಿ ಪ್ರಕಟಣೆ ಕೊಡಬೇಕು. ಇನ್ನೂರು ಪ್ರತಿ ಅಚ್ಚಾದ ಕನ್ನಡ ಸ್ಮರಣಿಕೆಗೆ ಇಂಗ್ಲಿಷ್ ಪತ್ರಿಕೆಯಲ್ಲಿ ಜಾಹೀರಾತು! ಕಾನೂನು ತಿದ್ದಬೇಕಾದ ಸ್ಥಳ ಇದೂ ಒಂದು. ಕೃತಿಯ ಭಾಷೆಯ ಪತ್ರಿಕೆಯಲ್ಲಿ ಪ್ರಕಟಿಸಿದರೆ ಸಾಕೆಂದು ಮಾಡುವುದರಿಂದ ಯಾರಿಗೂ ನಷ್ಟವಿಲ್ಲ. ವಾರಸುದಾರನ ಕಣ್ಣಿಗೆ ಬೀಳುವುದಾದರೂ ಆ ಪತ್ರಿಕೆಯೇ.

ಉಪಾಧ್ಯಾಯ ಸಂಘಗಳು ಮೂರು ಕೆಲಸಗಳನ್ನು ಹಣದ ವೆಚ್ಚವಿಲ್ಲದೆ ಮಾಡಬಹುದು. ಮೊದಲನೆಯದು, ಪ್ರತಿ ಲೇಖಕನಿಂದ ಎರಡು ಸಾಲಿನ ಅನುಮತಿಯನ್ನು ಬರಹದಲ್ಲಿ ಪಡೆಯುವುದು: ಈ ಲೇಖನವನ್ನು ಹೆಸರು ಹೇಳಿ ಯಾರೂ ಯಾವ ಮಾಧ್ಯಮದಲ್ಲಿಯೂ, ಕೃತಿಸ್ವಾಮ್ಯದ ಅವಧಿ ಇರುವ ತನಕ, ಎಲ್ಲ ದೇಶಗಳಲ್ಲಿಯೂ ಪ್ರಕಟಿಸಬಹುದು ಎಂದು. ಎರಡನೆಯದು, ಅವಧಿ ಮುಗಿದ ನಮ್ಮ ಪ್ರದೇಶದ ಲೇಖಕರ ಪಟ್ಟಿಯನ್ನು, ಮರಣದ ವರ್ಷಸಹಿತ, ಸಿದ್ಧಪಡಿಸಿ ಶಾಲೆಗಳಿಗೆ ಹಂಚುವುದು. ಮೂರನೆಯದು, ಸಭೆ-ಸಮಾರಂಭಗಳಲ್ಲಿ ಮಕ್ಕಳ ಬಾಯಿಂದಲೇ ಹಾಡಿಸುವುದು. ಮೂರನೆಯದು ಕಾನೂನಿಗೂ ಒಳ್ಳೆಯದು, ಕನ್ನಡಕ್ಕೂ ಒಳ್ಳೆಯದು.

ಗೋವೆಯ ಹಳ್ಳಿಗಳ ರೂಢಿ ೧೫೨೬ರ ಬರಹದಿಂದ ಬಾಳಿತು. ೨೦೨೪ರ ಸುತ್ತೋಲೆ ಶಾಸನದ ಆಧಾರವಿಲ್ಲದ್ದರಿಂದ ಬಿತ್ತು. ವಿಶ್ವಕೋಶ ಒಡೆಯರ ಬರಹದಿಂದ ಎಲ್ಲರದಾಯಿತು. ಸಂಸತ್ತು ಬರೆಯಬೇಕಾದುದನ್ನು ಸಂಸತ್ತು ಬರೆಯುವಂತೆ ನಾವು ಕೇಳೋಣ. ನಾವು ಬರೆಯಬೇಕಾದ ಎರಡು ಸಾಲುಗಳನ್ನು ಮಾತ್ರ ಮುಂದಿನ ಸ್ಮರಣಿಕೆಯ ತನಕ ಮುಂದೂಡಬೇಕಾದ ಕಾರಣವಿಲ್ಲ.